ದಿಗ್ಗೇವಾಡಿಯಿಂದ ದೇವಗಡದವರೆಗೆ

ಕೃಷ್ಣಾನದಿಯು ಮಹಾಬಳೇಶ್ವರದ ಗಿರಿಯಲ್ಲಿ ಕಣ್ಣು ತೆರೆಯುವ ಸ್ಥಳಕ್ಕೂ ಅರಬ್ಬೀ ಸಮುದ್ರಕ್ಕೂ ನಡುವಣ ಅಂತರ ಸುಮಾರು 65 ಕಿಲೋಮೀಟರು ಮಾತ್ರ. ಇಷ್ಟು ಹತ್ತಿರದ ಕಡಲಿಗೆ ಬೆನ್ನು ತಿರುಗಿಸಿ, ಸುಮಾರು 1,400 ಕಿಲೋಮೀಟರು ನಡೆದು ಬಂಗಾಳ ಕೊಲ್ಲಿಯನ್ನೇ ಸೇರಬೇಕೆಂಬ ಹಟ ಈ ನದಿಗೆ ಏಕೆ ಬಂದಿತೋ! ಆ ಹಟದ ಪುಣ್ಯದಿಂದಲೇ ಬೆಳಗಾವಿ ಜಿಲ್ಲೆಯ ಉತ್ತರದ ತಾಲೂಕುಗಳು ಬದುಕಿವೆ. ಚಿಕ್ಕೋಡಿ, ಅಥಣಿ, ಕಾಗವಾಡ, ರಾಯಬಾಗಗಳ ಕಬ್ಬಿಗೆ ಸಿಹಿಯನ್ನು ತುಂಬುವವಳೂ ಅವಳೇ. ಶ್ರಾವಣದಲ್ಲಿ ಒಮ್ಮೊಮ್ಮೆ ಕರೆಯದೆಯೇ ಹೊಸ್ತಿಲು ದಾಟಿ ಒಳಗೆ ಬರುವವಳೂ ಅವಳೇ.

ರಾಯಬಾಗ ತಾಲೂಕಿನ ದಿಗ್ಗೇವಾಡಿ ಅಂಥ ಹೊಳೆದಂಡೆಯ ಊರುಗಳಲ್ಲಿ ಒಂದು. ಪ್ರವಾಸಿಗರ ಕೈಪಿಡಿಗಳಲ್ಲಿ ಇದರ ಹೆಸರನ್ನು ಹುಡುಕಿದರೆ ಸಿಕ್ಕದು. ಚಿಂಚಲಿಯ ಮಾಯಕ್ಕನ ಜಾತ್ರೆಗೆ ನೆರೆಯುವ ಅಪಾರ ಜನಸ್ತೋಮವೂ ಈ ಕಡೆಗೆ ಹೊರಳಿ ನೋಡುವುದು ಕಡಿಮೆ. ಊರದಾರಿಯ ಎರಡೂ ಪಕ್ಕಕ್ಕೆ ಆಳೆತ್ತರದ ಕಬ್ಬು. ಕನ್ನಡ ಮರಾಠಿಗಳನ್ನು ಒಂದೇ ಉಸಿರಿನಲ್ಲಿ ಆಡುವ ಜನ. ಬಂದವರಿಗೆ ಮೊದಲು ನೀರು, ಆಮೇಲೆ ಚಹಾ, ಅದೂ ಮುಗಿದ ಮೇಲೆಯೇ 'ಯಾವೂರವರು?' ಎಂಬ ಪ್ರಶ್ನೆ. ಈ ಕ್ರಮವನ್ನು ಪಟ್ಟಣದಲ್ಲಿರುವ ನಾವು ತಲೆಕೆಳಗು ಮಾಡಿಕೊಂಡಿದ್ದೇವೆ.

2019ರ ಆಗಸ್ಟಿನಲ್ಲಿ, ಮತ್ತೆ 2021ರ ಜುಲೈಯಲ್ಲಿ, ಕೃಷ್ಣೆ ಈ ಭಾಗದ ಊರುಗಳಿಗೆ ನುಗ್ಗಿದಳು. ನೀರು ಎಲ್ಲಿಯವರೆಗೆ ಬಂದಿತ್ತೆಂದು ಕೇಳಿದರೆ ಇಲ್ಲಿ ಯಾರೂ ಅಡಿ ಅಂಗುಲಗಳ ಲೆಕ್ಕ ಹೇಳುವುದಿಲ್ಲ. ಎದ್ದು ಹೋಗಿ ಗೋಡೆಯ ಮೇಲೆ ಕೈಯಿಟ್ಟು ತೋರಿಸುತ್ತಾರೆ. ದೋಣಿಯಲ್ಲಿ ಜನರನ್ನು ಸಾಗಿಸಿದ ಚಿತ್ರಗಳನ್ನು ನಾವೆಲ್ಲ ಪತ್ರಿಕೆಗಳಲ್ಲಿ ಕಂಡಿದ್ದೇವೆ. ನೀರು ಇಳಿದ ಮರುದಿನದ ಚಿತ್ರವನ್ನು ಕಂಡವರು ಕಡಿಮೆ. ಅದರಲ್ಲಿ ಚಿತ್ರ ತೆಗೆಯುವಂಥದು ಏನೂ ಇರುವುದಿಲ್ಲ. ಪಡಸಾಲೆಯಲ್ಲಿ ಮೊಣಕಾಲುದ್ದ ಕೆಸರು, ಅದರೊಳಗೆ ನೆನೆದು ಕೊಳೆತ ಜೋಳ, ಸತ್ತ ಕೋಳಿ, ಒಡೆದ ಗಾಜು, ತೇಲಿಬಂದ ಮುಳ್ಳುಕಂಟಿ, ಎಲ್ಲಿಂದಲೋ ಬಂದು ಸುರುಳಿ ಸುತ್ತಿಕೊಂಡ ಹಾವು. ಇದನ್ನೆಲ್ಲ ಸಲಿಕೆ ಬುಟ್ಟಿಗಳಿಂದ ಹೊರಗೆ ಹಾಕುವವರು ಆ ಮನೆಯವರೇ. ಹೆಚ್ಚಾಗಿ ಹೆಂಗಸರು.

“ನೀರ ಬರೂದು ಒಂದ ಕಷ್ಟ ತಮ್ಮಾ, ನೀರ ಹ್ವಾದ ಮ್ಯಾಗ ಹತ್ತ ಕಷ್ಟ” ಎಂದಳು, ಕಟ್ಟೆಯ ಮೇಲೆ ಕುಳಿತಿದ್ದ ಮುದುಕಿಯೊಬ್ಬಳು.

“ಬರಿಗಾಲಿನಿಂದಲೇ ಕೆಸರು ತೆಗೆದಿರೇನು, ಆಯಿ?”

“ಮತ್ತ? ಕೆಸರಾಗ ಚಪ್ಪಲಿ ನಿಂದರತಾವೇನು?”

ಮುದುಕಿಯ ಈ ಪ್ರಶ್ನೆಗೆ ವೈದ್ಯಶಾಸ್ತ್ರದಲ್ಲಿ ಉತ್ತರವಿದೆ. ಇಲಿಯ ಮೂತ್ರದಿಂದ ನೀರಿಗೆ ಬೆರೆಯುವ ಸೂಕ್ಷ್ಮಜೀವಿ ಕಾಲಿನ ಬಿರುಕು, ತರಚುಗಾಯಗಳ ಮೂಲಕ ರಕ್ತವನ್ನು ಸೇರಿ ಇಲಿಜ್ವರವನ್ನು ತರುತ್ತದೆ. ಮೊಳೆ ತಗಡುಗಳ ಗಾಯದಿಂದ ಧನುರ್ವಾಯು ಬರಬಹುದು. 2018ರ ಮಹಾಪೂರದ ನಂತರ ಕೇರಳದಲ್ಲಿ ಮನೆ ತೊಳೆಯಲು ಇಳಿದವರಿಗೆ ವಾರಕ್ಕೊಮ್ಮೆ ನುಂಗುವ ಡಾಕ್ಸಿಸೈಕ್ಲಿನ್ ಮಾತ್ರೆಯನ್ನು ಆರೋಗ್ಯ ಕಾರ್ಯಕರ್ತರು ಹಂಚಿದರು. ಎತ್ತರದ ರಬ್ಬರಿನ ಬೂಟು, ಕೈಗವಸುಗಳಿಲ್ಲದೆ ಇಳಿಯಬೇಡಿರೆಂದು ಸಾರಿದರು. ಆದರೂ ಇಲಿಜ್ವರ ಬಂದಿತು, ಜನ ಸತ್ತರು. ಆದರೆ ಕೆಸರು ಬಳಿಯುವುದೂ ಒಂದು ಅಪಾಯದ ಉದ್ಯೋಗ, ಅದಕ್ಕೂ ಒಂದು ಸಿದ್ಧತೆ ಬೇಕು ಎಂಬ ತಿಳಿವಳಿಕೆ ಅಲ್ಲಿ ಮನೆಮನೆಗೆ ಹೋಯಿತು.

ಇದೇ ಮಾತುಕತೆಯ ನಡುವೆ ಒಂದು ಸಣ್ಣ ಸಂಗತಿ ನನ್ನ ಕಿವಿಗೆ ಬಿತ್ತು. ಹೊಳೆಯ ನೀರು ಮೋಟಾರು ಮನೆಗಳಲ್ಲಿ, ಟ್ರ್ಯಾಕ್ಟರುಗಳಲ್ಲಿ ಹೊಕ್ಕು ಹೊರಬರುವಾಗ ಡೀಸೆಲ್ಲನ್ನೂ ಯಂತ್ರದ ಎಣ್ಣೆಯನ್ನೂ ಹೊತ್ತು ತರುತ್ತದೆ. ನಿಂತ ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣದ ಪೊರೆ ತೇಲುತ್ತಿರುತ್ತದೆ. ಅದನ್ನು ಮೆಟ್ಟಿದ ಕಾಲು ಜಾರುತ್ತದೆ, ಆಮೇಲೆ ತುರಿಸುತ್ತದೆ. ಹಿಂದೆ ಕಾರವಾರದಲ್ಲಿ ನೌಕರಿ ಮಾಡಿ ನಿವೃತ್ತರಾದ ಮಾಸ್ತರರೊಬ್ಬರು ಅಲ್ಲಿದ್ದರು. “ಇದು ಅಂಗೈಯಗಲದ ಎಣ್ಣಿರೀ. ನಾವು 2006ರಾಗ ದಂಡಿ ತುಂಬ ನೋಡೇವಿ” ಎಂದರು. ಕೆಸರೆತ್ತುವವರ ಊರಿನಿಂದ ಎಣ್ಣೆಯೆತ್ತಿದವರ ಊರಿಗೆ ಹೋಗಿಬರೋಣವೆಂದು ನಾನು ಹೊರಟದ್ದು ಅವರ ಆ ಮಾತಿನ ಬೆನ್ನುಹತ್ತಿ.

ರಾಯಬಾಗದಿಂದ ಬೆಳಗಾವಿಗೆ ಬಂದು ಗೋವೆಯ ಕಡೆಯ ಗಾಡಿಯನ್ನು ಹಿಡಿದರೆ ಘಟ್ಟವಿಳಿಯುವ ದಾರಿ ಕಣ್ಣಿಗೆ ಒಂದು ಹಬ್ಬ. ಖಾನಾಪುರ ದಾಟುವುದರೊಳಗೆ ಕರಿಮಣ್ಣು ಮುಗಿದು ಕೆಮ್ಮಣ್ಣು ಬರುತ್ತದೆ; ಲೋಂಡಾದ ಹೊತ್ತಿಗೆ ಕಾಡು ಕಿಟಕಿಯೊಳಗೇ ಕೈ ಚಾಚುತ್ತದೆ; ಕ್ಯಾಸಲ್‌ರಾಕ್ ಬಿಟ್ಟ ಮೇಲೆ ಸುರಂಗದ ಕತ್ತಲೆ, ಬೆಳಕು, ಮತ್ತೆ ಕತ್ತಲೆ. ದೂಧಸಾಗರದ ಹತ್ತಿರ ಗಾಡಿಯ ಜನವೆಲ್ಲ ಒಂದೇ ಪಕ್ಕಕ್ಕೆ ಬಂದು ನಿಲ್ಲುತ್ತಾರೆ. ಮಡಗಾಂವದಲ್ಲಿ ಇಳಿದು ಕೊಂಕಣ ರೈಲನ್ನು ಹತ್ತಿದರೆ, ಕಾಳೀನದಿಯ ಸೇತುವೆಯನ್ನು ದಾಟಿ ಕಾರವಾರ.

ಈ ಕಾಳಿಯ ವಿಷಯವಾಗಿ ಒಂದು ಮಾತು. ಅದು ಹುಟ್ಟುವುದು ಜೋಯಿಡಾ ತಾಲೂಕಿನ ದಿಗ್ಗಿಯ ಸುತ್ತಿನ ಕಾಡಿನಲ್ಲಿ. ದಿಗ್ಗೇವಾಡಿಯನ್ನು ಬಿಟ್ಟು ಬಂದವನಿಗೆ ದಿಗ್ಗಿಯ ನೀರು ಎದುರಾದದ್ದು ಹೆಸರುಗಳ ಆಕಸ್ಮಿಕವಷ್ಟೆ. ಆದರೂ ಮನಸ್ಸಿಗೆ ಹಿತವೆನಿಸಿತು. ಕೃಷ್ಣೆಯಂತೆ ಇದಕ್ಕೆ ಹಟವಿಲ್ಲ. 184 ಕಿಲೋಮೀಟರು ಹರಿದು, ನಡುವೆ ಸೂಪಾ ಕದ್ರಾಗಳಲ್ಲಿ ವಿದ್ಯುತ್ತನ್ನು ಕೊಟ್ಟು, ಸದಾಶಿವಗಡದ ಬುಡದಲ್ಲಿ ಕಡಲಿಗೆ ಕೂಡುತ್ತದೆ. ಆ ಸಂಗಮಕ್ಕೆ ಅಡ್ಡಲಾಗಿ ಹೆದ್ದಾರಿಯ ಎರಡು ಸೇತುವೆಗಳಿದ್ದವು. 2024ರ ಆಗಸ್ಟ್ 7ರ ನಡುರಾತ್ರಿಯಲ್ಲಿ ಹಳೆಯದು ಕುಸಿದು ಲಾರಿಯೊಂದು ನೀರಿಗೆ ಬಿದ್ದಿತು. ಕತ್ತಲೆಯಲ್ಲಿ ಅದರ ಚಾಲಕನನ್ನು ಬದುಕಿಸಿ ತರುವಲ್ಲಿ ಪೋಲೀಸರೊಂದಿಗೆ ದೋಣಿಯಿಳಿಸಿದವರು ಸ್ಥಳದ ಮೀನುಗಾರರು. ಕಡಲಂಚಿನಲ್ಲಿ ಏನೇ ಅನಾಹುತವಾಗಲಿ, ಮೊದಲು ನೀರಿಗಿಳಿಯುವ ಜನ ಇವರು.

ಕಾರವಾರದ ಕಡಲತಡಿಯ ಸೊಬಗನ್ನು ವರ್ಣಿಸುವ ಸಾಹಸ ನನಗೆ ಬೇಡ. 1883ರ ಸುಮಾರಿಗೆ, ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣನ ಮನೆಗೆ ಬಂದ ಇಪ್ಪತ್ತೆರಡರ ತರುಣ ರವೀಂದ್ರನಾಥ ಠಾಕೂರರು ಈ ದಂಡೆಯ ಮೇಲೆ ತಿರುಗಾಡಿ ನಾಟಕವೊಂದನ್ನೇ ಬರೆದರು. ಅವರ ಹೆಸರು ದಂಡೆಗೆ ಇಂದೂ ಇದೆ. ಮರಳಿನ ಮೇಲೆ ನಿಂತು ನೋಡಿದರೆ ಕಡಲಲ್ಲಿ ಅಲ್ಲೊಂದು ಇಲ್ಲೊಂದು ನಡುಗಡ್ಡೆ. ಆಮೆಯ ಬೆನ್ನಿನಂತೆ ಕೂರ್ಮಗಡ. ಅಲ್ಲಿ ಜನವರಿಯ ಹುಣ್ಣಿಮೆಗೆ ನರಸಿಂಹನ ಜಾತ್ರೆ, ಜನ ದೋಣಿಗಳಲ್ಲಿ ಹೋಗುತ್ತಾರೆ. ಅದರಾಚೆ ದೇವಗಡ. ಅದರ ನೆತ್ತಿಯ ಮೇಲೆ 1864ರಲ್ಲಿ ಕಟ್ಟಿದ ದೀಪಸ್ತಂಭ. ಇಂಗ್ಲಿಷರು ತಮ್ಮ ನಕಾಶೆಗಳಲ್ಲಿ ಇದನ್ನು ಆಯ್‌ಸ್ಟರ್ ರಾಕ್ ಎಂದು ಕರೆದರು. ಬಂಡೆಗಳಿವೆ, ಎಚ್ಚರ ಎಂದು ಹಡಗುಗಳಿಗೆ ಹೇಳುವುದಕ್ಕಾಗಿಯೇ ಆ ದೀಪವನ್ನು ನಿಲ್ಲಿಸಿದ್ದು. ಒಂದೂವರೆ ಶತಮಾನದಿಂದ ಅದು ಹೇಳುತ್ತಲೇ ಇದೆ.

2006ರ ಮೇ 30ರಂದು, ಮಳೆಗಾಲದ ಮುಂಗಡ ಗಾಳಿಗೆ ಕಡಲು ಕೆರಳಿದ್ದಾಗ, ಪನಾಮಾ ದೇಶದ ಧ್ವಜವನ್ನು ಹೊತ್ತ 'ಓಶನ್ ಸೆರಾಯಾ' ಎಂಬ ಸರಕಿನ ಹಡಗು ಈ ದೇವಗಡದ ಬಂಡೆಗಳ ಮೇಲೆ ಏರಿ ಕುಳಿತಿತು. ಕುಳಿತದ್ದು ಏಳಲಿಲ್ಲ. ಹಡಗಿನ ಹೊಟ್ಟೆಯೊಳಗೆ ಅದರ ಯಂತ್ರಗಳಿಗೆ ಬೇಕಾದ ನೂರಾರು ಟನ್ ಇಂಧನವಿತ್ತು. ಡಾಂಬರಿನ ತಮ್ಮನೆನ್ನಬಹುದಾದ ದಪ್ಪ ಕಪ್ಪು ಎಣ್ಣೆ. ಅಲೆಗಳ ಪೆಟ್ಟಿಗೆ ಹಡಗು ಮುರಿಯುತ್ತ ಹೋದಂತೆ ಎಣ್ಣೆ ಸೋರಿ ಕಾರವಾರದ ದಂಡೆಗೂ ದಕ್ಷಿಣ ಗೋವೆಯ ದಂಡೆಗಳಿಗೂ ಬಂದು ಬಡಿಯಿತು. ಮಳೆಗಾಲದ ಕಡಲಿನಲ್ಲಿ ದೋಣಿಯಿಳಿಸಿ ಎಣ್ಣೆಯನ್ನು ನೀರಿನ ಮೇಲೆಯೇ ಹಿಡಿದು ನಿಲ್ಲಿಸುವುದು ದುಸ್ಸಾಧ್ಯ. ಹೀಗಾಗಿ ಉಳಿದ ಕೆಲಸ ದಂಡೆಯದು, ಅಂದರೆ ಕೈಗಳದು.

ಬೈತಖೋಲದ ಬಂದರಿನ ಬಳಿ, ಬಲೆಯ ಹರಕನ್ನು ಹೆಣೆಯುತ್ತಿದ್ದ ಹಿರಿಯ ಮೀನುಗಾರರೊಬ್ಬರನ್ನು ಮಾತನಾಡಿಸಿದೆ. ಕೊಂಕಣಿ ಬೆರೆತ ಕನ್ನಡದಲ್ಲಿ, ಕೈಯ ಕೆಲಸವನ್ನು ನಿಲ್ಲಿಸದೆಯೇ ಅವರು ಹೇಳಿದರು:

“ಮಳೆ ಸುರುವಾಗಿತ್ತು, ದೋಣಿ ಮೇಲೆ ಎಳೆದಿದ್ದೆವು. ಬೆಳಿಗ್ಗೆ ಬಂದು ನೋಡಿದರೆ ಮರಳು ಕಪ್ಪು. ಯಾರೂ ಕರೆಯಲಿಲ್ಲ, ಯಾರೂ ಬೇಡ ಅನ್ನಲಿಲ್ಲ. ನಮ್ಮ ಕೇರಿಯವರು ಏಳು ಜನ ಇಳಿದೆವು. ದಂಡೆ ನಮ್ಮದಲ್ಲವೇ?”

“ಕೈಗೆ ಏನು ಹಾಕಿಕೊಂಡಿದ್ದಿರಿ?”

“ಪ್ಲಾಸ್ಟಿಕ್ ಕೊಟ್ಟೆ ಕಟ್ಟಿಕೊಂಡೆವು. ಎರಡು ಸಲ ಬಗ್ಗಿ ಏಳುವುದರೊಳಗೆ ಹರಿಯಿತು. ಆಮೇಲೆ ಬರಿಗೈ.”

“ಹತ್ತಿದ ಎಣ್ಣೆಯನ್ನು ತೊಳೆದದ್ದು?”

“ಸಾಬೂನಿಗೆ ಹೋಗುತ್ತದೆಯೇ ಅದು? ಚಿಮಣಿ ಎಣ್ಣೆ ಹಾಕಿ ತಿಕ್ಕಿದೆವು. ಮೊಣಕೈವರೆಗೆ ಉರಿ. ರಾತ್ರಿ ತಲೆಶೂಲೆ, ಊಟ ಸೇರಲಿಲ್ಲ. ಮರುದಿನ ಮತ್ತೆ ಇಳಿದೆವು.”

ಇದನ್ನು ಅವರು ದೂರಿನಂತೆ ಹೇಳಲಿಲ್ಲ, ಹೆಮ್ಮೆಯಂತೆಯೂ ಅಲ್ಲ. ಮಳೆ ಬಂದಿತ್ತು ಎಂಬಂತೆ ಹೇಳಿದರು. ಆದರೆ ಅವರ ನಾಲ್ಕು ಮಾತುಗಳಲ್ಲಿ ಎಣ್ಣೆಯೆತ್ತುವ ಕೆಲಸದ ಅಪಾಯಗಳೆಲ್ಲ ಬಂದುಹೋದವು. ಒಂದೊಂದನ್ನಾಗಿ ಬಿಡಿಸಿ ನೋಡುವುದು ಲೇಸು. ನಮ್ಮ ಮಕ್ಕಳು ಇಂದು ಕಾಲೇಜಿನ ಸೇವಾ ಯೋಜನೆಗಳಿಂದ, ಯುವಕ ಸಂಘಗಳಿಂದ ಉತ್ಸಾಹದಿಂದ ಇಂಥ ಕೆಲಸಕ್ಕೆ ಹೊರಡುತ್ತಾರೆ. ಅವರನ್ನು ಬೇಡವೆನ್ನಲಾಗದು, ಹಾಗೆಯೇ ಕಳಿಸಲೂ ಆಗದು.

ಮೊದಲನೆಯ ಅಪಾಯ ಗಾಳಿಯದು. ನೆಲದಿಂದ ತೆಗೆದ ಕಚ್ಚಾ ಎಣ್ಣೆ ಹೊರಗೆ ಚೆಲ್ಲಿದಾಗ ಅದರೊಳಗಿನ ಹಗುರ ಭಾಗಗಳಾದ ಬೆಂಜೀನ್, ಟಾಲ್ಯುಯೀನ್ ಮುಂತಾದವು ಮೊದಲ ಒಂದೆರಡು ದಿನಗಳಲ್ಲಿಯೇ ಆವಿಯಾಗಿ ಹೋಗುತ್ತವೆ. ತಲೆಸುತ್ತು, ವಾಕರಿಕೆ, ಕಣ್ಣುರಿಗಳಿಗೆ ಇವೇ ಕಾರಣ. ಬೆಂಜೀನ್ ದೀರ್ಘಕಾಲ ದೇಹವನ್ನು ಸೇರಿದರೆ ರಕ್ತದ ಕ್ಯಾನ್ಸರಿಗೂ ಕಾರಣವಾಗಬಲ್ಲದು. ಎಂದರೆ ಗಾಳಿ ಅತ್ಯಂತ ಕೆಟ್ಟಿರುವುದು ಮೊದಲ ದಿನ. ಊರ ಜನ ಏನೂ ಇಲ್ಲದೆ ಓಡಿ ಬಂದು ಇಳಿಯುವುದೂ ಮೊದಲ ದಿನವೇ! ಒಂದು ದಿನ ಕಾದು, ಗಾಳಿಯನ್ನು ಅಳೆದು, ಆಮೇಲೆ ಇಳಿಯಿರಿ ಎಂದು ಬಲ್ಲವರು ಹೇಳುವುದು ಇದಕ್ಕಾಗಿಯೇ. ಕೆಲವು ಎಣ್ಣೆಗಳಿಂದ ಕೊಳೆತ ಮೊಟ್ಟೆಯ ನಾತದ ಹೈಡ್ರೋಜನ್ ಸಲ್ಫೈಡ್ ಅನಿಲವೂ ಹೊರಡುವುದುಂಟು. ಅದು ಹೆಚ್ಚಾದಾಗ ಮೂಗಿನ ಶಕ್ತಿಯನ್ನೇ ಕುಂದಿಸಿಬಿಡುತ್ತದೆ; ನಾತ ನಿಂತಿತು, ಅಪಾಯ ಕಳೆಯಿತು ಎಂದು ಮನುಷ್ಯ ಮೋಸಹೋಗುತ್ತಾನೆ. ಮುಖಕ್ಕೆ ಕಟ್ಟಿದ ಕರವಸ್ತ್ರವಾಗಲಿ, ಧೂಳಿಗೆ ಮಾಡಿದ ಸಾದಾ ಮುಖವಾಡವಾಗಲಿ ಆವಿಯನ್ನು ತಡೆಯದು. ಅದಕ್ಕೆ ಇದ್ದಿಲು ತುಂಬಿದ ಸೋಸುಬುರುಡೆಯ ಮುಖವಾಡವೇ ಬೇಕು, ಅದೂ ಮುಖಕ್ಕೆ ಬಿಗಿಯಾಗಿ ಕೂರಬೇಕು.

ಓಶನ್ ಸೆರಾಯಾದಂಥ ಹಡಗಿನ ಇಂಧನದಲ್ಲಿ ಈ ಹಗುರ ಆವಿಗಳು ಕಡಿಮೆ. ಅದರ ಅಪಾಯ ಚರ್ಮದ ಮೂಲಕ. 1775ರಷ್ಟು ಹಿಂದೆಯೇ ಪರ್ಸಿವಲ್ ಪಾಟ್ ಎಂಬ ಲಂಡನ್ನಿನ ಶಸ್ತ್ರವೈದ್ಯ, ಬಾಲ್ಯದಿಂದ ಹೊಗೆಗೂಡುಗಳೊಳಗೆ ಇಳಿದು ಮಸಿ ತೆಗೆದವರಿಗೆ ಬೆಳೆದ ಮೇಲೆ ಬರುವ ಚರ್ಮದ ಕ್ಯಾನ್ಸರಿಗೆ ಆ ಮಸಿಯೇ ಕಾರಣವೆಂದು ತೋರಿಸಿದನು. ಉದ್ಯೋಗದಿಂದ ಕ್ಯಾನ್ಸರ್ ಬರುತ್ತದೆಂದು ವೈದ್ಯರು ಬರೆದಿಟ್ಟ ಮೊದಲ ಉದಾಹರಣೆ ಅದು. ಆ ಮಸಿಯಲ್ಲಿದ್ದ ರಾಸಾಯನಿಕಗಳ ಬಳಗದವೇ ಈ ದಪ್ಪ ಎಣ್ಣೆಯಲ್ಲಿಯೂ ಇವೆ. ಒಂದೆರಡು ದಿನ ಮೆತ್ತಿಕೊಂಡ ಮಾತ್ರಕ್ಕೆ ಕ್ಯಾನ್ಸರ್ ಬಂದೀತೆಂದು ಯಾರೂ ಹೆದರಬೇಕಾಗಿಲ್ಲ. ಆದರೆ ವಾರಗಟ್ಟಲೆ ಅದರಲ್ಲಿ ಕೈಯಾಡಿಸಬಾರದು. ಸಾಮಾನ್ಯ ರಬ್ಬರಿನ ಕೈಗವಸು ಎಣ್ಣೆಯಲ್ಲಿ ಉಬ್ಬಿ ಕೊಳೆಯುತ್ತದೆ. ನೈಟ್ರೈಲ್ ಎಂಬ ಕೃತಕ ರಬ್ಬರಿನದು ತಡೆಯುತ್ತದೆ. ಇನ್ನು ಚಿಮಣಿ ಎಣ್ಣೆಯಿಂದಲೋ ಪೆಟ್ರೋಲಿನಿಂದಲೋ ತೊಳೆಯುವುದು ಎಲ್ಲಕ್ಕಿಂತ ಕೆಟ್ಟದ್ದು. ಅದು ಕೊಳೆಯನ್ನು ಕರಗಿಸುವುದರ ಜೊತೆಗೆ ಚರ್ಮದ ಸಹಜವಾದ ಜಿಡ್ಡನ್ನೂ ಕಿತ್ತುಹಾಕಿ ವಿಷಕ್ಕೆ ಬಾಗಿಲು ತೆರೆಯುತ್ತದೆ. ಇದಕ್ಕೆ ಪರಿಹಾರವಾದ ಪದಾರ್ಥ ಕರಾವಳಿಯ ಪ್ರತಿ ಮನೆಯಲ್ಲಿದೆ: ಕೊಬ್ಬರಿ ಎಣ್ಣೆ. ಮೊದಲು ಅದನ್ನೋ ಯಾವುದಾದರೂ ಅಡಿಗೆಯ ಎಣ್ಣೆಯನ್ನೋ ಸವರಿ, ಬಟ್ಟೆಯಿಂದ ಒರೆಸಿ, ಆಮೇಲೆ ಸಾಬೂನು ನೀರು. ಎಣ್ಣೆಯನ್ನು ಎಣ್ಣೆಯೇ ಬಿಡಿಸುತ್ತದೆಂಬುದು ಅಭ್ಯಂಗನ ಮಾಡಿಸುವ ನಮ್ಮ ಅಜ್ಜಿಯರಿಗೆ ಹೊಸತಲ್ಲ.

ಪುಸ್ತಕದಲ್ಲಿ ಓದುವಾಗ ಹೊಳೆಯದ ಅಪಾಯವೊಂದು ಕಾರವಾರದ ಮರಳಿನ ಮೇಲೆ ಅರ್ಧ ತಾಸು ನಡೆದಾಗ ನನಗೆ ಹೊಳೆಯಿತು. ಅದು ಸೆಕೆ. ತಲೆಯಿಂದ ಕಾಲಿನವರೆಗೆ ಗಾಳಿಯಾಡದ ಬಿಳಿಯ ಉಡುಪು, ಬೂಟು, ಮುಖವಾಡ ತೊಡಿಸಿ ಈ ದಂಡೆಯಲ್ಲಿ ನಿಲ್ಲಿಸಿದರೆ ಎಣ್ಣೆಗಿಂತ ಮೊದಲು ಬೆವರೇ ಮನುಷ್ಯನನ್ನು ಬೀಳಿಸೀತು. 2010ರಲ್ಲಿ ಅಮೆರಿಕೆಯ ಮೆಕ್ಸಿಕೋ ಕೊಲ್ಲಿಯಲ್ಲಿ ಬೇಸಗೆಯುದ್ದಕ್ಕೂ ದಂಡೆ ತೊಳೆದವರನ್ನು ಹೆಚ್ಚಾಗಿ ಕಾಡಿದ ತೊಂದರೆಗಳಲ್ಲಿ ಬಿಸಿಲಿನ ಬಾಧೆ ಮುಖ್ಯವಾದುದು. ನೆರಳಿನ ಚಪ್ಪರ, ಕುಡಿಯುವ ನೀರು, ಗಡಿಯಾರ ನೋಡಿ ಕೊಡುವ ವಿಶ್ರಾಂತಿ, ಇವು ಅಲ್ಲಿ ಔಷಧಿಗಿಂತ ಹೆಚ್ಚಿನ ಕೆಲಸ ಮಾಡಿದವು. ಇದರ ಮೇಲೆ ಭಾರ ಬೇರೆ. ಕಡಲ ನೀರು ಬೆರೆತ ಎಣ್ಣೆ ಮೂರು ನಾಲ್ಕು ಪಟ್ಟು ಉಬ್ಬುತ್ತದೆ, ಅದಕ್ಕೆ ಮರಳು ಸೇರುತ್ತದೆ. ಒಂದು ಚೀಲವನ್ನು ಬಾಯಿಮಟ ತುಂಬಿ ಎತ್ತಲು ಹೋದವನ ಸೊಂಟ ಅಂದಿಗೆ ಹೋಯಿತು. ಅರ್ಧ ತುಂಬಿ ಕಟ್ಟುವುದೇ ಜಾಣತನ. ಜಾರುವ ಬಂಡೆಗಳ ಮಾತನ್ನು ಹೇಳಬೇಕಾಗಿಯೇ ಇಲ್ಲ. ಗರ್ಭಿಣಿಯರು, ಚಿಕ್ಕ ಮಕ್ಕಳು, ದಮ್ಮಿನ ರೋಗಿಗಳು ದಂಡೆಯ ಹತ್ತಿರಕ್ಕೆ ಸುಳಿಯಲೇಬಾರದು.

ಈ ತಿಳಿವಳಿಕೆಯೆಲ್ಲ ಜಗತ್ತಿಗೆ ಅಗ್ಗವಾಗಿ ಬಂದದ್ದಲ್ಲ. 1989ರ ಮಾರ್ಚಿನಲ್ಲಿ ಅಲಾಸ್ಕಾದಲ್ಲಿ 'ಎಕ್ಸಾನ್ ವಾಲ್ಡೀಸ್' ಎಂಬ ತೈಲನೌಕೆ ಬಂಡೆಗೆ ಬಡಿದಾಗ ಸಾವಿರಾರು ಜನ ದಂಡೆಯನ್ನು ತೊಳೆದರು. ಅವರ ಆರೋಗ್ಯವನ್ನು ಮುಂದೆ ವರ್ಷಗಟ್ಟಲೆ ಕ್ರಮವಾಗಿ ನೋಡಿಕೊಂಡು ಬರುವ ಏರ್ಪಾಡಾಗಲಿಲ್ಲ. 2002ರ ನವೆಂಬರಿನಲ್ಲಿ ಸ್ಪೇನಿನ ಗಲೀಸಿಯಾ ತೀರದಲ್ಲಿ 'ಪ್ರೆಸ್ಟೀಜ್' ಮುಳುಗಿತು. ಅದರಲ್ಲಿದ್ದದ್ದೂ ಕಾರವಾರಕ್ಕೆ ಬಂದಂಥ ದಪ್ಪ ಎಣ್ಣೆಯೇ; ಪ್ರಮಾಣ ಮಾತ್ರ ಹತ್ತಾರು ಸಾವಿರ ಟನ್. ಅಲ್ಲಿಯೂ ಮೊದಲು ಇಳಿದವರು ಬೆಸ್ತರು. ಒಂದೆರಡು ವರ್ಷಗಳ ತರುವಾಯ ವೈದ್ಯರು ಸುಮಾರು 6,800 ಬೆಸ್ತರನ್ನು ವಿಚಾರಿಸಿ ನೋಡಿದರು. ಎಣ್ಣೆಯೆತ್ತಿದವರಲ್ಲಿ ಕೆಮ್ಮು, ಕಫ, ಏದುಸಿರು ಉಳಿದವರಿಗಿಂತ ಹೆಚ್ಚಾಗಿ ಉಳಿದುಕೊಂಡಿತ್ತು. ಹೆಚ್ಚು ದಿನ ದುಡಿದವರಲ್ಲಿ ಇನ್ನೂ ಹೆಚ್ಚು. 2007ರ ಡಿಸೆಂಬರಿನಲ್ಲಿ ದಕ್ಷಿಣ ಕೊರಿಯಾದ ತೇಆನ್ ತೀರದಲ್ಲಿ 'ಹೆಬೈ ಸ್ಪಿರಿಟ್' ನೌಕೆಯಿಂದ ಹತ್ತು ಸಾವಿರ ಟನ್ನಿಗೂ ಮಿಕ್ಕಿ ಎಣ್ಣೆ ಚೆಲ್ಲಿದಾಗ ದೇಶದ ಮೂಲೆಮೂಲೆಗಳಿಂದ ಹತ್ತು ಲಕ್ಷಕ್ಕೂ ಹೆಚ್ಚು ಸ್ವಯಂಸೇವಕರು ಬಂದು ಒಂದೊಂದು ಕಲ್ಲನ್ನೂ ಬಟ್ಟೆಯಿಂದ ಒರೆಸಿದರು. ಮನಸ್ಸು ತುಂಬಿ ಬರುವ ದೃಶ್ಯ. ಅವರಲ್ಲಿಯೂ ತಲೆಶೂಲೆ, ಕಣ್ಣುರಿಗಳು ಕಂಡುಬಂದವು.

ಮೆಕ್ಸಿಕೋ ಕೊಲ್ಲಿಯ ಅನಾಹುತದ ನಂತರ ಅಮೆರಿಕೆಯ ಸರಕಾರದ ಸಂಶೋಧನ ಸಂಸ್ಥೆ ಬೇರೊಂದು ಕೆಲಸ ಮಾಡಿತು. ಎಣ್ಣೆಯೆತ್ತಿದವರ ಹೆಸರುಗಳನ್ನು ಹುಡುಕಿ, 32,000ಕ್ಕೂ ಹೆಚ್ಚು ಜನರ ಪಟ್ಟಿ ಮಾಡಿ, ಯಾರು ಎಲ್ಲಿ ಎಷ್ಟು ದಿನ ದುಡಿದರೆಂದು ಬರೆದು, ವರ್ಷಗಟ್ಟಲೆ ಅವರ ಶ್ವಾಸ, ಹೃದಯಗಳನ್ನು ವಿಚಾರಿಸುತ್ತ ಬಂದಿತು. ಮುಖವಾಡ, ಕೈಗವಸುಗಳು ದುಡ್ಡಿನ ಮಾತು. ಪಟ್ಟಿಗೆ ಬೇಕಾದದ್ದು ಒಂದು ನೋಟ್‌ಬುಕ್ಕು, ಒಬ್ಬ ಗುಮಾಸ್ತ. ನನ್ನ ದೃಷ್ಟಿಯಲ್ಲಿ ಬಡ ದೇಶವೂ ಮೊದಲ ದಿನವೇ ಮಾಡಬಹುದಾದ ಕೆಲಸ ಇದೊಂದು.

ನಮ್ಮಲ್ಲಿ ಏನಿದೆ? 1993ರಿಂದ ತೈಲ ಸೋರಿಕೆಯನ್ನೆದುರಿಸುವ ರಾಷ್ಟ್ರೀಯ ಯೋಜನೆಯೊಂದಿದೆ. ಕಡಲ ಮೇಲಿನ ಹೊಣೆ ತಟರಕ್ಷಕ ದಳದ್ದು. ಅವರ ತಾಲೀಮು, ಸಲಕರಣೆಗಳು ಮೆಚ್ಚತಕ್ಕವು. ಎಣ್ಣೆ ಅಲೆಯನ್ನು ಬಿಟ್ಟು ಮರಳಿಗೆ ಬಂದೊಡನೆ ಹೊಣೆ ರಾಜ್ಯದ, ಜಿಲ್ಲೆಯ ಪಾಲಿಗೆ ಬರುತ್ತದೆ. ನೀರಿನ ಮೇಲಿನ ಎಣ್ಣೆಗೆ ಯಂತ್ರ, ಮರಳಿನ ಮೇಲಿನ ಎಣ್ಣೆಗೆ ಕೈ ಎಂಬ ವಿಭಜನೆ ಹೀಗೆ ತಾನಾಗಿಯೇ ಆಗಿಬಿಡುತ್ತದೆ. 2017ರ ಜನವರಿ 28ರಂದು ಚೆನ್ನೈಯ ಉತ್ತರಕ್ಕೆ ಎಣ್ಣೂರಿನ ಬಳಿ ಎರಡು ಹಡಗುಗಳು ಡಿಕ್ಕಿ ಹೊಡೆದವು. ಜೇಡಿಯಾದ ಎಣ್ಣೆಯನ್ನು ಎಳೆಯಲಾರದೆ ಯಂತ್ರಗಳು ಸೋತಾಗ ಮೀನುಗಾರರೂ ವಿದ್ಯಾರ್ಥಿಗಳೂ ಸಾಲಾಗಿ ನಿಂತು ಬಕೇಟುಗಳಿಂದ ಮೊಗೆದರು. ದೇಶವೆಲ್ಲ ಆ ಚಿತ್ರಗಳನ್ನು ನೋಡಿ ಮೆಚ್ಚಿತು. ಬಕೇಟು ಹಿಡಿದ ಬರಿಗೈಗಳನ್ನು ಗಮನಿಸಿದವರೂ ಇದ್ದರು.

ಅದೇ ಎಣ್ಣೂರಿಗೆ 2023ರ ಡಿಸೆಂಬರಿನಲ್ಲಿ ಎಣ್ಣೆ ಕಡಲಿನಿಂದಲ್ಲ, ನೆಲದ ಕಡೆಯಿಂದ ಬಂದಿತು. ಮಿಚಾಂಗ್ ಚಂಡಮಾರುತದ ಮಳೆಗೆ ಮಣಲಿಯ ಕೈಗಾರಿಕಾ ಪ್ರದೇಶ ಮುಳುಗಿ, ಅಲ್ಲಿಯ ತೈಲ ಶುದ್ಧೀಕರಣಾಗಾರದ ಎಣ್ಣೆ ಮಹಾಪೂರದ ನೀರಿನೊಡನೆ ಬಕಿಂಗ್‌ಹ್ಯಾಮ್ ಕಾಲುವೆಯನ್ನು ಹಿಡಿದು ಮನೆಗಳೊಳಗೆ ನುಗ್ಗಿತು, ಹಿನ್ನೀರಿಗೆ ಇಳಿಯಿತು. ಗೋಡೆಯ ಮೇಲೆ ನೀರಿನ ಗೆರೆಯ ಜಾಗದಲ್ಲಿ ಎಣ್ಣೆಯ ಕಪ್ಪು ಗೆರೆ. ಮೊದಲ ದಿನಗಳಲ್ಲಿ ಮೀನುಗಾರರು ತಮ್ಮ ದೋಣಿಗಳಲ್ಲಿ ಕುಳಿತು ಡಬ್ಬಿ ತಂಬಿಗೆಗಳಿಂದ ಅದನ್ನು ಮೊಗೆದು ಪೀಪಾಯಿಗೆ ತುಂಬಿದರು. ಕೈಗವಸು, ಮುಖವಾಡಗಳು ಬಂದದ್ದು ಕೂಗೆದ್ದ ಮೇಲೆ. ದಿಗ್ಗೇವಾಡಿಯ ಮಾಸ್ತರರು ಅಂಗೈಯಗಲದ ಎಣ್ಣೆ ಎಂದರಲ್ಲ, ಅದು ಊರಗಲವಾದರೆ ಹೇಗಿರುತ್ತದೆಂಬುದು ಅಲ್ಲಿ ಕಂಡಿತು. ಅಲ್ಲಿ ಕೆಸರು ಬಳಿದವರೂ ಎಣ್ಣೆಯೆತ್ತಿದವರೂ ಬೇರೆಬೇರೆ ಜನರಾಗಿರಲಿಲ್ಲ.

ನಮ್ಮ ಕರಾವಳಿಗೂ ಬಿಡುವಿಲ್ಲ. 2022ರ ಜೂನಿನಲ್ಲಿ ಮಂಗಳೂರಿನ ದಕ್ಷಿಣಕ್ಕೆ, ಉಚ್ಚಿಲದ ಎದುರಿಗೆ, ಉಕ್ಕಿನ ಸುರುಳಿಗಳನ್ನು ಹೊತ್ತ 'ಪ್ರಿನ್ಸೆಸ್ ಮಿರಾಲ್' ಮುಳುಗಿದಾಗ ಅದರ ಇಂಧನ ಎಲ್ಲಿ ಸೋರುವುದೋ ಎಂದು ಜನ ಮಳೆಗಾಲವನ್ನೆಲ್ಲ ಆತಂಕದಲ್ಲಿ ಕಳೆದರು. 2025ರ ಮೇ 25ರಂದು ಕೊಚ್ಚಿಯ ಆಚೆ 'ಎಂ.ಎಸ್.ಸಿ. ಎಲ್ಸಾ 3' ಮುಳುಗಿತು. ಅದರ ಪೆಟ್ಟಿಗೆಗಳು ತೀರಕ್ಕೆ ತೇಲಿಬರತೊಡಗಿದಾಗ ಕೇರಳದ ಅಧಿಕಾರಿಗಳು ಮೊದಲ ದಿನವೇ ಸಾರಿದ್ದು: ಮುಟ್ಟಬೇಡಿರಿ, ಇನ್ನೂರು ಮೀಟರು ದೂರ ನಿಲ್ಲಿರಿ, ನಮಗೆ ತಿಳಿಸಿರಿ. ಕೆಲವು ಪೆಟ್ಟಿಗೆಗಳಲ್ಲಿ ನೀರು ತಗಲಿದರೆ ಹೊತ್ತಿಕೊಳ್ಳುವ ಅನಿಲವನ್ನು ಹೊರಡಿಸುವ ಕ್ಯಾಲ್ಸಿಯಂ ಕಾರ್ಬೈಡ್ ಇತ್ತು. 'ಇಳಿಯಬೇಡಿರಿ' ಎಂದು ಹೇಳುವುದೂ ರಕ್ಷಣೆಯ ಒಂದು ಭಾಗವೆಂದು ಕಲಿಯುವುದಕ್ಕೆ ಇಷ್ಟು ವರ್ಷಗಳು ಬೇಕಾದವು.

ಸಂಜೆಯ ಹೊತ್ತಿಗೆ ಬೈತಖೋಲದಲ್ಲಿ ಗಾಳಿ ತಂಪಾಯಿತು. ಮೀನಿನ ಬುಟ್ಟಿಗಳನ್ನು ಹೊತ್ತ ಹೆಂಗಸರು ಬಸ್ಸಿಗಾಗಿ ಅವಸರಪಡುತ್ತಿದ್ದರು. ಮುದುಕರ ಬಲೆ ಇನ್ನೂ ಮುಗಿದಿರಲಿಲ್ಲ. ಅಂದು ಇಳಿದ ಏಳು ಜನರ ಹೆಸರನ್ನು ಯಾರಾದರೂ ಬರೆದುಕೊಂಡಿದ್ದರೇ ಎಂದು ಕೇಳಿದೆ.

“ಕೂಲಿ ಕೊಡುವವರು ಹೆಸರು ಬರೆಯುತ್ತಾರೆ. ನಾವು ಕೂಲಿಗೆ ಇಳಿದದ್ದಲ್ಲವಲ್ಲ” ಎಂದರು.

ಮತ್ತೆ, ಸೂಜಿಯನ್ನು ಬಲೆಯಲ್ಲಿ ಸಿಕ್ಕಿಸಿಟ್ಟು, ಬೆರಳು ಮಡಿಚಿ ಎಣಿಸತೊಡಗಿದರು. ಇಬ್ಬರು ಈಗಿಲ್ಲ, ಒಬ್ಬರು ವಯಸ್ಸಾಗಿ ಹೋದರು, ಇನ್ನೊಬ್ಬರು ಕಡಲಿನಲ್ಲಿ. ಎಣ್ಣೆಗೂ ಅದಕ್ಕೂ ಸಂಬಂಧವಿಲ್ಲವೆಂದು ಅವರೇ ಹೇಳಿದರು. ಒಬ್ಬರು ಗೋವೆಯಲ್ಲಿ ಮಗನ ಮನೆಯಲ್ಲಿದ್ದಾರೆ. ಇಬ್ಬರು ಗಟ್ಟಿಯಾಗಿದ್ದಾರೆ, ದೋಣಿಗೆ ಹೋಗುತ್ತಾರೆ. ಆರನೆಯವರಿಗೆ ಮಳೆಗಾಲ ಬಂತೆಂದರೆ ದಮ್ಮು. ಅದು ಆ ವರ್ಷದಿಂದಲೇ ಎಂದು ಅವರ ಹೆಂಡತಿ ಹೇಳುತ್ತಾಳೆ, ಮೊದಲೂ ಇತ್ತು ಎಂದು ಅಣ್ಣ ಹೇಳುತ್ತಾನೆ. ಏಳನೆಯ ಬೆರಳಿಗೆ ಬಂದಾಗ ಮುದುಕರು ನಕ್ಕು ತಮ್ಮ ಎದೆಯನ್ನು ಮುಟ್ಟಿಕೊಂಡರು. ಮೊಣಕೈಯ ಒಳಬದಿಯ ಕಪ್ಪು ಕಲೆಯೊಂದನ್ನು ತೋರಿಸಿ, ಇದು ಬಲೆಯ ಹಗ್ಗದ್ದೋ ಅಂದಿನದೋ ತಮಗೂ ನೆನಪಿಲ್ಲವೆಂದರು.

ದೇವಗಡದ ದೀಪ ಹೊತ್ತಿತು. ಅವರು ಸೂಜಿಯನ್ನು ಮತ್ತೆ ಕೈಗೆ ತೆಗೆದುಕೊಂಡರು.